ಮೊರದ ತುಂಬ ಶಾರ್ಕ್ ಹಲ್ಲು

ಬನಹಟ್ಟಿಯ ನೇಕಾರ ಓಣಿ. ಬೆಳಗಿನ ಒಂಬತ್ತರ ಹೊತ್ತಿಗೆ ಪಡಸಾಲೆಯ ಕುಣಿಮಗ್ಗ ಸುರುವಾಗಿದೆ. ಲಾಳಿ ಆ ಕಡೆಯಿಂದ ಈ ಕಡೆಗೆ ಓಡಿದಾಗಲೆಲ್ಲ ಗೂಡಿನಲ್ಲಿಟ್ಟ ತಂಬಿಗೆ ಸಣ್ಣಗೆ ನಡುಗುತ್ತದೆ. ಹೊರಗೆ ಅಂಗಳದ ಎಳೆಬಿಸಿಲಿಗೆ ಒಂದು ಚಾಪೆ, ಚಾಪೆಯ ಮೇಲೆ ಬಿದಿರಿನ ಮೊರ, ಮೊರದ ತುಂಬ ಹಲ್ಲು.

ಕೆಲವು ಜೋಳದ ಕಾಳಿಗಿಂತ ತುಸು ದೊಡ್ಡವು. ಕೆಲವು ಎರಡು ಅಂಗುಲ ಮೀರಿದವು. ಬಣ್ಣ ಕೆನೆಹಳದಿಯಿಂದ ಹಿಡಿದು ಬೂದಿ, ಕಂದು, ಅಲ್ಲೊಂದು ಇಲ್ಲೊಂದು ಕಪ್ಪು. ಸಂದಿನಲ್ಲಿ ಹಳದಿ ಪುಡಿ ಮೆತ್ತಿಕೊಂಡಿದೆ. ಧಾರವಾಡದಲ್ಲಿ ಭೂವಿಜ್ಞಾನ ಓದುವ ಆ ಮನೆಯ ಮೊಮ್ಮಗ ಇದನ್ನು ಕಿಲೋ ಲೆಕ್ಕದಲ್ಲಿ ತರಿಸಿದ್ದಾನೆ. ಚೀಲದ ಚೀಟಿಯಲ್ಲಿ ಬರೆದದ್ದು ಮೊರಾಕ್ಕೊ ಎಂಬ ಒಂದೇ ಮಾತು. ಗಣಿಯ ಹೆಸರಿಲ್ಲ, ಪದರದ ಗುರುತಿಲ್ಲ.

‘ಏನಪಾ ಇದು, ಹಲ್ಲೋ ಕಲ್ಲೋ?’ ಎಂದು ಆಯಿ ಕೇಳಿದರು.

‘ಎರಡೂ ಹೌದ ಆಯಿ. ಶಾರ್ಕ್ ಮೀನಿನ ಹಲ್ಲು. ಕಲ್ಲಾಗ್ಯಾವ.’

‘ಮೀನಿಗೆ ಇಷ್ಟ ದೊಡ್ಡ ಹಲ್ಲs?’ ಎನ್ನುತ್ತಲೇ ಅವರು ಮೊರದ ಮುಂದೆ ಕೂತರು. ಜೋಳ ಹಸನು ಮಾಡಿ ಮಾಡಿ ಪಳಗಿದ ಬೆರಳು. ಯಾರೂ ಹೇಳದೆಯೇ ಒಡೆದವನ್ನು ಒಂದು ಕಡೆಗೆ, ಇಡಿಯಾದವನ್ನು ಇನ್ನೊಂದು ಕಡೆಗೆ ಸರಿಸತೊಡಗಿದರು. ಹುಡುಗ ನಕ್ಕ. ಗುರುತಿಸುವ ಕೆಲಸದ ಮೊದಲ ಹೆಜ್ಜೆಯೇ ಅದು. ಬೇರು, ತಲೆ, ಎರಡು ಅಂಚು ಇಷ್ಟೂ ಉಳಿದ ಹಲ್ಲು ಮಾತ್ರ ತನ್ನ ಹೆಸರನ್ನು ಹೇಳಬಲ್ಲದು. ತುದಿಯಷ್ಟೇ ಉಳಿದ ಚೂರಿನ ಮೇಲೆ ಹೆಸರು ಹೇರುವುದಕ್ಕಿಂತ ಅದನ್ನು ಹಾಗೆಯೇ ಬಿಡುವುದು ಪ್ರಾಮಾಣಿಕ ಕೆಲಸ.

ಎರಡನೆಯ ಸುತ್ತಿನಲ್ಲಿ ಶಾರ್ಕ್ ಅಲ್ಲದ್ದು ಹೊರಬೀಳಬೇಕು. ಇಂಥ ಬೆರಕೆ ಮಾಲಿನಲ್ಲಿ ಹೊರಗಿನವು ಧಾರಾಳವಾಗಿರುತ್ತವೆ. ಉದ್ದನೆಯ ಕೋರೆ, ಒಂದು ಬದಿಗೆ ಹರಿತವಾದ ಅಂಚು, ಬುಡದಲ್ಲಿ ಕವಲೊಡೆದ ಬೇರಿಲ್ಲ: ಅದು ಎಂಕೋಡಸ್ ಎಂಬ ಬೇಟೆಗಾರ ಮೀನಿನದು. ಚಪ್ಪಟೆಯಾದ ಪಟ್ಟಿ, ಅದರ ಕೆಳಗೆ ಬಾಚಣಿಗೆಯಂಥ ಸಾಲು ಗೀರು: ಅದು ಚಿಪ್ಪುಗಳನ್ನು ಅರೆದು ತಿನ್ನುತ್ತಿದ್ದ ತೊರಕೆ ಮೀನಿನ ದವಡೆಯ ತುಂಡು. ದುಂಡಗಿನ ಬುಡದ ದಪ್ಪ ಮೊನೆ ಸಿಕ್ಕರೆ ಮೊಸಳೆಯನ್ನೋ ಕಡಲ ಹಲ್ಲಿಯಾದ ಮೊಸಸಾರನ್ನೋ ನೆನೆಯಬೇಕು. ಶಾರ್ಕ್ ಹಲ್ಲಿನ ಖೂನ ಅದರ ಬೇರಿನಲ್ಲಿದೆ. ಒರಟಾದ, ಸಣ್ಣ ರಂಧ್ರಗಳ ಬೇರು ಎರಡು ಕಾಲು ಚಾಚಿ ನಿಂತಿರುತ್ತದೆ. ಅದರ ಮೇಲೆ ನುಣುಪಾಗಿ ಹೊಳೆಯುವ ತಲೆ. ಬೇರು ದವಡೆಯ ಎಲುಬಿಗೆ ಹೂತಿರುವುದಿಲ್ಲ. ಶಾರ್ಕಿಗೆ ಎಲುಬೇ ಇಲ್ಲ, ಮೈಯೆಲ್ಲ ಮೃದ್ವಸ್ಥಿ. ಹಲ್ಲು ಬರೀ ಒಸಡಿಗೆ ಅಂಟಿಕೊಂಡಿರುತ್ತದೆ. ಮುಂದಿನದು ಉದುರಿದರೆ ಹಿಂದಿನ ಸಾಲಿನದು ಮುಂದೆ ಬರುತ್ತದೆ. ಪಕ್ಕದ ಮುಧೋಳದ ಹೆಸರಾಂತ ಬೇಟೆನಾಯಿಗೆ ಬೆಳೆದ ಮೇಲೆ ಇರುವುದು 42 ಹಲ್ಲು. ಒಂದು ಹೋದರೆ ಹೋಯಿತು. ಶಾರ್ಕ್ ತನ್ನ ಆಯುಷ್ಯದಲ್ಲಿ ಸಾವಿರಾರು ಹಲ್ಲು ಉದುರಿಸುತ್ತದೆ. ಸತ್ತ ಮೇಲೆ ಮೈ ಕೊಳೆತು ಹೋಗುತ್ತದೆ, ಹಲ್ಲು ಕಡಲ ತಳದ ಕೆಸರಿನಲ್ಲಿ ಉಳಿಯುತ್ತದೆ. ಈ ಪ್ರಾಣಿಯ ಕೋಟ್ಯಂತರ ವರ್ಷಗಳ ಚರಿತ್ರೆಯ ಬಹುಭಾಗವನ್ನು ವಿಜ್ಞಾನಿಗಳು ಹಲ್ಲಿನಿಂದಲೇ ಓದಬೇಕಾಗಿರುವುದು ಇದಕ್ಕೇ.

ಬಿಸಿಲು ಏರಿತು. ಮೊರದ ಮಾಲು ಈಗ ಚಾಪೆಯ ಮೇಲೆ ಗುಂಪು ಗುಂಪಾಗಿ ನಿಂತಿದೆ. ಹುಡುಗ ಭೂತಗನ್ನಡಿ ಹಿಡಿದು ಒಂದೊಂದನ್ನೇ ತಿರುಗಿಸುತ್ತಾನೆ. ಮೊದಲು ಹಲ್ಲಿನ ಮುಖ ನೋಡುತ್ತಾನೆ: ಚಪ್ಪಟೆಯಾದದ್ದು ತುಟಿಯ ಕಡೆಯದು, ಉಬ್ಬಿದ್ದು ನಾಲಗೆಯ ಕಡೆಯದು. ಆಮೇಲೆ ಉಗುರಿನ ತುದಿಯನ್ನು ಅಂಚಿನ ಮೇಲೆ ಮೆಲ್ಲಗೆ ಎಳೆಯುತ್ತಾನೆ. ನುಣ್ಣಗೆ ಜಾರಿದರೆ ಒಂದು ದಾರಿ, ಕರಕರ ಎಂದರೆ ಇನ್ನೊಂದು. ಕಣ್ಣಿಗೆ ಕಾಣದ ಗರಗಸದ ಕಚ್ಚು ಉಗುರಿಗೆ ತಿಳಿಯುತ್ತದೆ.

ದೊಡ್ಡ ಗುಂಪು ಓಟೋಡಸ್ ಆಬ್ಲಿಕ್ವಸ್‌ನದು. ದಪ್ಪ ಬೇರು, ಅಗಲವಾದ ಮುಕ್ಕೋನ, ನುಣುಪು ಅಂಚು. ನಡುವಿನ ಮೊನೆಯ ಎಡಬಲಕ್ಕೆ ಒಂದೊಂದು ಗಟ್ಟಿ ಮರಿಮೊನೆ. ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗುತ್ತದೆ. ಮುಂದೆ ಮೆಗಲಡಾನ್ ಎಂದು ಲೋಕವೆಲ್ಲ ಬಲ್ಲ ಆ ಭಾರೀ ಶಾರ್ಕಿನ ಪೂರ್ವಜರ ಸಾಲಿನಲ್ಲಿ ಇದನ್ನು ಇಡುತ್ತಾರೆ. ಅದರ ಪಕ್ಕ ತೆಳ್ಳನೆಯ, ದಬ್ಬಣದಂತೆ ಚೂಪಾದ ಹಲ್ಲುಗಳ ರಾಶಿ. ಇವು ಮರಳು ಶಾರ್ಕಿನ ಬಳಗದವು. ಜಾರುವ ಮೀನನ್ನು ಚುಚ್ಚಿ ಹಿಡಿಯಲು ಆದವು. ಸ್ಟ್ರಯಾಟೊಲಾಮಿಯ ಎಂಬುದನ್ನು ಬೇರೆ ಮಾಡುವುದು ನಾಲಗೆಯ ಬದಿಯ ಸೂಕ್ಷ್ಮ ಗೆರೆಗಳಿಂದ. ಬಿಸಿಲಿಗೆ ಓರೆಯಾಗಿ ಹಿಡಿದಾಗ ಮಾತ್ರ ಆ ಗೆರೆ ಕಾಣುತ್ತವೆ; ನೇರ ಬೆಳಕಿನಲ್ಲಿ ಮಾಯ. ಇಂಥ ಕೆಲಸಕ್ಕೆ ಅಂಗಳದ ಇಳಿಬಿಸಿಲಿನಷ್ಟು ಒಳ್ಳೆಯ ದೀಪ ನಾನು ನೋಡಿಲ್ಲ.

ಮೂರನೆಯ ಗುಂಪು ಸಣ್ಣದು. ಗಿಡ್ಡ, ಅಗಲ, ಹಿಂದಕ್ಕೆ ಬಾಗಿದ ತಲೆ. ಅಂಚಿನ ಉದ್ದಕ್ಕೂ ಗರಗಸ. ಇದು ಸ್ಕ್ವಾಲಿಕೋರಾಕ್ಸ್. ಇಲ್ಲಿ ಹುಡುಗ ಬೆರಳಿನಿಂದ ಚಾಪೆಯ ಮೇಲೆ ಒಂದು ಗೆರೆ ಎಳೆದ. ಗೆರೆಯ ಆಚೆ ಸ್ಕ್ವಾಲಿಕೋರಾಕ್ಸ್, ಈಚೆ ಓಟೋಡಸ್. ಈ ಎರಡು ಪ್ರಾಣಿಗಳು ಒಂದನ್ನೊಂದು ನೋಡಿಯೇ ಇಲ್ಲ. ಮೊರಾಕ್ಕೊದ ಖೌರಿಬ್ಗಾ ಸೀಮೆಯ ಫಾಸ್ಫೇಟ್ ಗಣಿಗಳಲ್ಲಿ ಕ್ರಿಟೇಶಿಯಸ್ ಯುಗದ ಕೊನೆಯಿಂದ ಇಯೊಸೀನ್ ಯುಗದ ಆರಂಭದವರೆಗಿನ ಪದರಗಳು ಒಂದರ ಮೇಲೊಂದು ಕೂತಿವೆ. ಅಗೆದು ತೆಗೆದ ಮಾಲು ಒಂದೇ ಚೀಲಕ್ಕೆ ಬೀಳುತ್ತದೆ. ಕೆಳಗಿನ ಪದರದ ಸ್ಕ್ವಾಲಿಕೋರಾಕ್ಸ್ ಡೈನೋಸಾರ್‌ಗಳು ಅಳಿದ ಕಾಲಕ್ಕೆ, ಅಂದರೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ, ತಾನೂ ಇಲ್ಲವಾಯಿತು. ಓಟೋಡಸ್ ಆಳಿದ್ದು ಆಮೇಲಿನ ಕಡಲನ್ನು.

ಆ ಗೆರೆಯ ಕಾಲದಲ್ಲಿ ನಮ್ಮ ಸೀಮೆಯಲ್ಲಿ ಏನಾಗುತ್ತಿತ್ತು? ನೆಲ ಬಿರಿದು ಲಾವಾ ಹರಿಯುತ್ತಿತ್ತು. ದಖ್ಖನ್ ಪ್ರಸ್ಥಭೂಮಿಯ ಕರಿಗಲ್ಲಿನ ಬಹುಪಾಲು ಆ ಕಾಲದ ಆಸುಪಾಸಿನ ಕೆಲವೇ ಲಕ್ಷ ವರ್ಷಗಳಲ್ಲಿ ಹರಿದು ಗಟ್ಟಿಯಾದದ್ದು. ಕೃಷ್ಣೆಯ ದಂಡೆಯ ಎರೆಹೊಲ ಅದೇ ಕಲ್ಲು ಸವೆದು ಆದ ಮಣ್ಣು. ಮೆಕ್ಸಿಕೊದ ಕಡೆ ಉಲ್ಕೆ ಬಿದ್ದದ್ದು, ಇಲ್ಲಿ ಲಾವಾ ಹರಿದದ್ದು, ಕಡಲಿನಲ್ಲಿ ಒಂದು ಶಾರ್ಕ್ ಕುಲ ಅಳಿದದ್ದು, ಮೂರೂ ಒಂದೇ ಅಧ್ಯಾಯದ ಸಂಗತಿಗಳು. ಚಾಪೆಯ ಮೇಲೆ ಬೆರಳಗಲದ ಅಂತರದಲ್ಲಿ ಎರಡು ಹಲ್ಲು. ನಡುವಿನ ಜಾಗದಲ್ಲಿ ರಬಕವಿಯಿಂದ ಮುಂಬೈಯವರೆಗಿನ ಕಪ್ಪು ಕಲ್ಲೆಲ್ಲ ಹುಟ್ಟಿದೆ. ಇದನ್ನು ನೆನೆದಾಗ ನನಗೆ ಮೈ ಜುಮ್ಮೆಂದಿತು.

ಮೊರಾಕ್ಕೊ ಈ ಊರಿಗೆ ತೀರ ಪರದೇಶವೂ ಅಲ್ಲ. ಭಾರತಕ್ಕೆ ಬರುವ ಫಾಸ್ಫೇಟ್ ಮಾಲಿನಲ್ಲಿ ಆ ದೇಶದ ಪಾಲು ದೊಡ್ಡದು. ಜಮಖಂಡಿ, ಮುಧೋಳದ ಕಬ್ಬಿನ ಹೊಲಕ್ಕೆ ಬೀಳುವ ಡಿಎಪಿಯ ರಂಜಕದಲ್ಲಿ ಆ ಹಳೆಯ ಕಡಲಿನ ತಳ ಒಂದಿಷ್ಟಾದರೂ ಸೇರಿರುತ್ತದೆ. ಮೀನು, ಶಾರ್ಕ್, ಕಡಲ ಹಲ್ಲಿಗಳು ಬದುಕಿ ಸತ್ತ ಕೆಸರೇ ಗೊಬ್ಬರವಾಗಿ ನಮ್ಮ ಬೆಳೆಗೆ ಬರುತ್ತಿದೆ.

ಮಧ್ಯಾಹ್ನದ ಹೊತ್ತಿಗೆ ಓಣಿಯ ಹಿರಿಯರೊಬ್ಬರು ಬಂದು ಕೂತರು. ಒಕ್ಕಲುತನದವರು, ಎತ್ತಿನ ವ್ಯಾಪಾರವೂ ಗೊತ್ತು. ಅವರು ಎರಡು ಹಲ್ಲು ಎತ್ತಿಕೊಂಡು ಕೇಳಿದ ಪ್ರಶ್ನೆ ಆ ದಿನದ ಅತ್ಯುತ್ತಮ ಪ್ರಶ್ನೆಯಾಗಿತ್ತು: ‘ತಮ್ಮಾ, ಇವೆರಡೂ ಒಂದs ಬಾಯಾಗಿನವು ಅಲ್ಲ ಅಂತ ಹ್ಯಾಂಗ ಹೇಳ್ತಿ?’

ದನದ ಸಂತೆಯಲ್ಲಿ ಎತ್ತಿನ ಕೆಳದುಟಿ ಸರಿಸಿ ಹಲ್ಲು ಓದುವ ವಿದ್ಯೆ ಈ ಸೀಮೆಯಲ್ಲಿ ಹಳೆಯದು. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು. ಕರುವಿನ ಹಾಲುಹಲ್ಲು ಜೋಡಿ ಜೋಡಿಯಾಗಿ ಬಿದ್ದು ಎಂಟೂ ಬಲಿಯುವುದರೊಳಗೆ ಎತ್ತಿಗೆ ನಾಲ್ಕೈದು ವರ್ಷ ತುಂಬಿರುತ್ತದೆ. ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ ಎಂಬುದು, ಮುಂದಿನ ಹಲ್ಲಿಗೂ ದವಡೆಹಲ್ಲಿಗೂ ರೂಪದಲ್ಲಿ ಸಂಬಂಧವೇ ಇಲ್ಲ ಎಂಬುದು ಅವರಿಗೆ ಪುಸ್ತಕದ ಹಂಗಿಲ್ಲದೆ ಗೊತ್ತು. ಒಂದೇ ಬಾಯಲ್ಲಿ ಹಲವು ರೂಪದ ಹಲ್ಲು ಎಂಬ ತಿಳಿವಳಿಕೆಯಿಂದಲೇ ಆ ಪ್ರಶ್ನೆ ಹುಟ್ಟಿತ್ತು.

ಬೆರಕೆ ರಾಶಿಯನ್ನು ಗುರುತಿಸುವವರು ಮುಗ್ಗರಿಸುವುದು ಸರಿಯಾಗಿ ಅಲ್ಲೇ. ಶಾರ್ಕಿನ ಮುಂಭಾಗದ ಹಲ್ಲು ನೆಟ್ಟಗೆ, ಎರಡೂ ಬದಿ ಸರಿಸಮ. ಪಕ್ಕಕ್ಕೆ ಹೋದಂತೆ ಅದು ಬಾಯಿಯ ಮೂಲೆಯ ಕಡೆಗೆ ವಾಲುತ್ತದೆ, ಗಿಡ್ಡವಾಗುತ್ತದೆ. ಅನೇಕ ಜಾತಿಗಳಲ್ಲಿ ಮೇಲ್ದವಡೆಯದು ಕತ್ತರಿಸಲು ಅಗಲ, ಕೆಳದವಡೆಯದು ಹಿಡಿಯಲು ಕಿರಿದು. ಮರಿಯ ಹಲ್ಲು ಬೇರೆ, ಬಲಿತದ್ದರ ಹಲ್ಲು ಬೇರೆ. ಒಂದೇ ಶಾರ್ಕಿನ ಬಾಯಿಂದ ಉದುರಿದ ಐದು ಹಲ್ಲು ತಂದು ಐದು ಜಾತಿ ಎಂದು ಬರೆದಿಡುವುದು ಸುಲಭ. ಲೂಯಿ ಅಗಾಸಿ 1833ರಿಂದ 1843ರವರೆಗೆ ಪ್ರಕಟಿಸಿದ ಪಳೆಯುಳಿಕೆ ಮೀನುಗಳ ಮಹಾಗ್ರಂಥದಲ್ಲಿ ಬಿಡಿ ಹಲ್ಲುಗಳ ಮೇಲೆಯೇ ಎಷ್ಟೋ ಜಾತಿಗಳಿಗೆ ಹೆಸರಿಟ್ಟರು. ಆ ಹೆಸರುಗಳನ್ನು ಒಂದುಗೂಡಿಸುವ, ಬೇರ್ಪಡಿಸುವ ಕೆಲಸ ಇಂದಿಗೂ ನಡೆದಿದೆ. ಹಾಗಾಗಿ ಚೆನ್ನಾಗಿ ಬಲ್ಲವರು ರಾಶಿಯ ಹಲ್ಲಿಗೆ ಕುಲದ ಹೆಸರು ಹೇಳಿ ನಿಲ್ಲುತ್ತಾರೆ. ಜಾತಿಯ ಹೆಸರಿಗೆ ಅವಸರ ಮಾಡುವುದಿಲ್ಲ.

ಬಣ್ಣವನ್ನು ನಂಬಬಾರದು. ಹಲ್ಲು ಕಪ್ಪಾಗಿದ್ದರೆ ಹೆಚ್ಚು ಹಳೆಯದು ಎಂದೇನಿಲ್ಲ. ಹೂತಿದ್ದ ಮಣ್ಣಿನ ಖನಿಜ ಕೊಟ್ಟ ಬಣ್ಣ ಅದು. ಅಂಟನ್ನಂತೂ ಹುಡುಕಲೇಬೇಕು. ಒಂದರ ತಲೆಗೆ ಇನ್ನೊಂದರ ಬೇರು ಕೂಡಿಸಿ, ಮರಳು ಮೆತ್ತಿ ಮಾರುವುದು ಈ ವ್ಯಾಪಾರದಲ್ಲಿ ಉಂಟು. ತಲೆಗೂ ಬೇರಿಗೂ ನಡುವಿನ ಗೆರೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಗಾಳಿಗುಳ್ಳೆಯ ಅಂಟು ಸಿಕ್ಕಿಬೀಳುತ್ತದೆ. ಆಯಿ ಹಸನು ಮಾಡಿಟ್ಟ ಇಡಿಯಾದವುಗಳಲ್ಲೂ ಅಂಥ ಕೂಡಿಸಿದ ಹಲ್ಲುಗಳಿದ್ದವು.

ಹಲ್ಲು ಹಲ್ಲೇ ಎಂದು ಒಪ್ಪಲು ಮನುಷ್ಯರಿಗೆ ಬಹಳ ಕಾಲ ಹಿಡಿಯಿತು. ಯುರೋಪಿನಲ್ಲಿ ಇವನ್ನು ಕಲ್ಲಾದ ನಾಲಗೆ ಎಂದು ನಂಬಿ, ವಿಷಹರ ಎಂದು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರು. 1666ರಲ್ಲಿ ಇಟಲಿಯ ಲಿವೋರ್ನೊ ಬಳಿ ಸಿಕ್ಕಿದ ದೊಡ್ಡ ಶಾರ್ಕಿನ ತಲೆಯನ್ನು ಫ್ಲಾರೆನ್ಸ್‌ನಲ್ಲಿ ಕೊಯ್ದು ನೋಡಿದ ನಿಕೊಲಾಸ್ ಸ್ಟೆನೊ, ಮರುವರ್ಷ ಪ್ರಕಟಿಸಿದ ಬರಹದಲ್ಲಿ ನಾಲಗೆಕಲ್ಲು ಶಾರ್ಕ್ ಹಲ್ಲೇ ಎಂದು ವಾದಿಸಿದ. ಹಾಗಾದರೆ ಬೆಟ್ಟದೊಳಗೆ ಅದು ಹೇಗೆ ಬಂತು ಎಂಬ ಪ್ರಶ್ನೆಯ ಬೆನ್ನು ಹತ್ತಿ ಪದರಗಳ ವಿಜ್ಞಾನಕ್ಕೇ ಬುನಾದಿ ಹಾಕಿದ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು ಎಂದು ಇಂದು ಶಾಲೆಯ ಮಕ್ಕಳು ಓದುವ ಪಾಠ ಅವನದು. ನಮ್ಮ ಜಮಖಂಡಿಯ ಹಳೆಯ ಮನೆಗಳ ದೇವರಕೋಣೆಯಲ್ಲೂ ಕಡಲ ಜೀವಿಯ ಪಳೆಯುಳಿಕೆ ಉಂಟು. ಗಂಡಕಿಯ ಸಾಲಿಗ್ರಾಮದೊಳಗಿನ ಸುರುಳಿ ಅಮ್ಮೊನೈಟ್ ಎಂಬ ಪುರಾತನ ಕಡಲಜೀವಿಯ ಗುರುತು. ಹಿಮಾಲಯ ಏಳುವ ಮೊದಲು ಅಲ್ಲಿ ಕಡಲಿತ್ತು ಎಂಬುದಕ್ಕೆ ಅದು ಸಾಕ್ಷಿ.

‘ಹಂಗಾರ ನಮ್ಮ ಹೊಲದಾಗ ಇಂಥಾ ಹಲ್ಲ ಸಿಗೂದಿಲ್ಲೇನ?’ ಎಂದು ಹಿರಿಯರು ಕೇಳಿದರು.

ಶಾರ್ಕ್ ಹಲ್ಲು ಸಿಗುವುದಿಲ್ಲ. ಕಾರಣ ತಿಳಿದರೆ ನಿರಾಶೆಯಾಗುವುದಿಲ್ಲ. ಈ ಸೀಮೆಯಲ್ಲೂ ಕಡಲಿತ್ತು. ಬಾಗಲಕೋಟೆ, ಕಲಾದಗಿ, ಲೋಕಾಪುರದ ಸುತ್ತಿನ ಬಿಳಿಗಲ್ಲು, ಸುಣ್ಣಕಲ್ಲು, ಜೇಡಿಗಲ್ಲುಗಳೆಲ್ಲ ಆ ಕಡಲಿನ ಕೊಡುಗೆ. ಮುಧೋಳ ತಾಲ್ಲೂಕಿನ ಸಿಮೆಂಟಿನ ಗಣಿಗಳು ಅಗೆಯುತ್ತಿರುವುದು ಅದನ್ನೇ. ಆದರೆ ಆ ಕಡಲು ನೂರು ಕೋಟಿ ವರ್ಷಕ್ಕೂ ಹಳೆಯದು. ಶಾರ್ಕ್ ಕುಲ ಲೋಕಕ್ಕೆ ಬಂದು ನಲವತ್ತು ನಲವತ್ತೈದು ಕೋಟಿ ವರ್ಷ. ಕಲಾದಗಿಯ ಕಡಲಲ್ಲಿ ಮೀನಿರಲಿಲ್ಲ, ಚಿಪ್ಪಿರಲಿಲ್ಲ, ಕಚ್ಚುವ ಬಾಯಿ ಒಂದೂ ಇರಲಿಲ್ಲ. ಕಣ್ಣಿಗೆ ಕಾಣದ ಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮೆಟೊಲೈಟ್‌ಗಳು ಆ ಸುಣ್ಣಕಲ್ಲಿನಲ್ಲಿ ಇವೆ. ಒಂದರ ಮೇಲೊಂದು ಕವಿದ ಬಾಗುಗೆರೆಗಳ ಕಲ್ಲು. ಭೂಮಿಯ ಗಾಳಿಗೆ ಆಮ್ಲಜನಕ ತುಂಬಿದ ಜೀವಿಗಳ ಬಳಗ ಅದು. ನನ್ನ ಲೆಕ್ಕದಲ್ಲಿ ಆ ಗೆರೆಯ ಕಲ್ಲು ಯಾವ ಶಾರ್ಕ್ ಹಲ್ಲಿಗೂ ಕಡಿಮೆಯಲ್ಲ. ಶಾರ್ಕ್ ಹಲ್ಲೇ ಬೇಕೆಂದರೆ ತಮಿಳುನಾಡಿನ ಅರಿಯಲೂರು, ತಿರುಚಿ ಸೀಮೆಯ ಕ್ರಿಟೇಶಿಯಸ್ ಪದರಗಳಿಗೆ ಹೋಗಬೇಕು. ಪಾಂಡಿಚೇರಿಯ ಪದರಗಳ ಮೀನಿನ ಅವಶೇಷಗಳನ್ನು ಫಿಲಿಪ್ ಎಗರ್ಟನ್ 1845ರಷ್ಟು ಹಿಂದೆಯೇ ವರ್ಣಿಸಿದ್ದರು. ಒಡಿಶಾದ ಬಾರಿಪದಾದಲ್ಲಿ ಮಯೊಸೀನ್ ಯುಗದ ಶಾರ್ಕ್ ಹಲ್ಲುಗಳಿವೆ. ರಾಜಸ್ಥಾನದ ಜೈಸಲ್ಮೇರಿನ ಜುರಾಸಿಕ್ ಕಲ್ಲಿನಿಂದ ಬಂದ ಹೊಸ ಜಾತಿಯೊಂದಕ್ಕೆ 2021ರಲ್ಲಿ ಆ ಊರಿನ ಹೆಸರನ್ನೇ ಇಟ್ಟರು.

ಆದರೆ ಹಲ್ಲು ಗುರುತಿಸಿ ಹೆಸರು ಕೊಟ್ಟ ಒಂದು ದೊಡ್ಡ ಸಂಗತಿ ನಮ್ಮದೇ ಘಟಪ್ರಭೆಯ ಕಣಿವೆಯಲ್ಲಿ ನಡೆದಿದೆ. ಗೋಕಾಕದ ಧಬಧಬೆ ಇಳಿದು, ಮುಧೋಳವನ್ನು ಹಾದು, ಬೀಳಗಿ ಸೀಮೆಯ ಅನಗವಾಡಿಯ ಬಳಿ ಸಾಗಿ ಚಿಕ್ಕಸಂಗಮದಲ್ಲಿ ಕೃಷ್ಣೆಗೆ ಕೂಡುವ ಹೊಳೆ ಅದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯನ್ನೆಲ್ಲ ಸುತ್ತಿ 1876ರಲ್ಲಿ ದಕ್ಷಿಣ ಮರಾಠಾ ಸೀಮೆಯ ಭೂರಚನೆಯ ಮೇಲೆ ದೊಡ್ಡ ವರದಿ ಬರೆದರು. ಅದಕ್ಕೆ ಎರಡು ವರ್ಷ ಮೊದಲು, 1874ರಲ್ಲಿ, ಗೋಕಾಕದ ಬಳಿ ಸಿಕ್ಕಿದ ಪಳೆಯುಳಿಕೆಗಳನ್ನು ವರ್ಣಿಸಿ ಆ ಪ್ರಾಣಿಗೆ ರೈನಾಸಿರಸ್ ಡೆಕ್ಕನೆನ್ಸಿಸ್ ಎಂದು ಹೆಸರಿಟ್ಟರು. ಖಡ್ಗಮೃಗ! ಈಗ ಮುಖ್ಯವಾಗಿ ಅಸ್ಸಾಮ್, ಬಂಗಾಳ, ನೇಪಾಳದ ಹುಲ್ಲುಗಾವಲಿನಲ್ಲಿ ಉಳಿದಿರುವ ಕುಲದ ಪ್ರಾಣಿ ಒಂದು ಕಾಲಕ್ಕೆ ಘಟಪ್ರಭೆಯ ನೀರು ಕುಡಿದಿತ್ತು. ಖಡ್ಗಮೃಗದ ಮೇಲ್ದವಡೆಯ ಹಲ್ಲನ್ನು ಒಮ್ಮೆ ನೋಡಿದವರು ಮರೆಯಲಾರರು: ಅರೆಯುವ ಮುಖದ ಮೇಲೆ ಹೊರಗಿನ ಒಂದು ದಿಣ್ಣೆಗೆ ಎರಡು ಅಡ್ಡ ದಿಣ್ಣೆ ಕೂಡಿರುತ್ತವೆ. ಎತ್ತಿನ ದವಡೆಹಲ್ಲಿನಲ್ಲಾದರೆ ಅರ್ಧಚಂದ್ರದ ಗೆರೆಗಳು. ಹಲ್ಲಿನ ಮುಖ ಓದುವ ಆ ಹಿರಿಯರಂಥವರಿಗೆ ಇದನ್ನು ಕಲಿಸಲು ಒಂದು ತಾಸು ಸಾಕು.

ಹಲ್ಲು ಕಾಲವನ್ನೂ ಹೇಳುತ್ತದೆ. ಈಗಿನ ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಆದಿಮಾನವರ ಕಲ್ಲಾಯುಧಗಳ ನೆಲೆಯನ್ನು ಅಗೆದಾಗ, ಅಲ್ಲಿ ದೊರೆತ ಮೇಯುವ ಪ್ರಾಣಿಗಳ ಹಲ್ಲಿನ ಎನಾಮಲ್ ಮೇಲೆ ನಡೆಸಿದ ಪರೀಕ್ಷೆ ಸುಮಾರು 12 ಲಕ್ಷ ವರ್ಷ ಎಂದು ತೋರಿಸಿತು. 2002ರಲ್ಲಿ ಅದು ಪ್ರಕಟವಾಯಿತು. ಕರ್ನಾಟಕದ ಮಾನವ ಚರಿತ್ರೆ ಅಷ್ಟು ಹಿಂದಕ್ಕೆ ಸರಿದದ್ದು ಬೆರಳೆಣಿಕೆಯ ಹಲ್ಲಿನ ಚೂರುಗಳಿಂದ. ಬೀಳಗಿ ಸೀಮೆಯ ಅನಗವಾಡಿಯ ಜಲ್ಲಿಪದರದಲ್ಲೂ ಆದಿಮಾನವರ ಕೈಗೊಡಲಿಗಳಿವೆ. ಅದೇ ಡೆಕ್ಕನ್ ಕಾಲೇಜಿನ ಆರ್. ಎಸ್. ಪಪ್ಪು ಮೇಲಿನ ಕೃಷ್ಣಾ ಕೊಳ್ಳದ ಅಧ್ಯಯನದಲ್ಲಿ ಅವನ್ನು ದಾಖಲಿಸಿದರು.

ಮೊರಾಕ್ಕೊದ ಚೀಲಕ್ಕೂ ಇಸಾಂಪುರದ ಹಲ್ಲಿಗೂ ಇರುವ ವ್ಯತ್ಯಾಸ ಅಂದವೂ ಅಲ್ಲ, ಗಾತ್ರವೂ ಅಲ್ಲ. ಚಾಪೆಯ ಮೇಲಿನ ಓಟೋಡಸ್ ಎಷ್ಟು ಸುಂದರವಾಗಿದ್ದರೂ ಅದು ಯಾವ ಪದರದಲ್ಲಿ, ಯಾರ ಜೊತೆಗೆ ಮಲಗಿತ್ತು ಎಂಬುದು ತಿಳಿಯುವುದಿಲ್ಲ. ಹುಡುಗ ಇಡೀ ದಿನ ಕೂತು ಕುಲಗಳನ್ನು ಗುರುತಿಸಿದ. ಕೈಗಳು ಪಳಗಿದವು, ಕಣ್ಣು ಚುರುಕಾಯಿತು. ಕಲಿಯಲು ಬೆರಕೆ ರಾಶಿಯಷ್ಟು ಒಳ್ಳೆಯ ಪಾಠಶಾಲೆ ಇಲ್ಲ. ಚರಿತ್ರೆ ಕಟ್ಟಲು ಅದು ಬಾರದು. ಇಸಾಂಪುರದ ಹಲ್ಲು ಚೂರಾಗಿದ್ದರೂ ಎಲ್ಲಿತ್ತು, ಯಾವ ಆಯುಧದ ಪಕ್ಕದಲ್ಲಿತ್ತು ಎಂಬುದು ಬರೆದಿಟ್ಟದ್ದರಿಂದಲೇ ಅದಕ್ಕೆ ಅಷ್ಟು ಬೆಲೆ.

ಅದಕ್ಕೇ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಓದುಗರಲ್ಲಿ, ಅದರಲ್ಲೂ ಹಳ್ಳದ ದಂಡೆಯಲ್ಲಿ ಹೊಲ ಇರುವವರಲ್ಲಿ ಒಂದು ವಿನಂತಿ. ಬಾವಿ ತೋಡುವಾಗ, ಕಾಲುವೆ ಅಗೆಯುವಾಗ, ಉಸುಕು ಸೋಸುವಾಗ ಭಾರವಾದ ಹಲ್ಲಿನಂಥ ಕಲ್ಲೋ ಎಲುಬೋ ಕಂಡರೆ ಕೀಳಬೇಡಿ, ತೊಳೆಯಬೇಡಿ. ಇದ್ದಲ್ಲೇ ಒಂದು ನಾಣ್ಯ ಪಕ್ಕದಲ್ಲಿಟ್ಟು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಊರು, ಸರ್ವೆ ನಂಬರು, ಎಷ್ಟು ಆಳ, ಎಂಥ ಮಣ್ಣು ಎಂದು ಬರೆದಿಡಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೋ ಬೆಂಗಳೂರಿನ ಭೂವೈಜ್ಞಾನಿಕ ಸರ್ವೇಕ್ಷಣೆಯ ಕಚೇರಿಗೋ ತಿಳಿಸಿ. ಅಗೆತ ನಿಲ್ಲುವಂತಿಲ್ಲ, ತೆಗೆಯಲೇಬೇಕು ಎಂದಾದರೆ ಸುತ್ತಿನ ಒಂದು ಹಿಡಿ ಮಣ್ಣಿನ ಸಮೇತ ತೆಗೆದು, ಒಂದು ಜಾಗದ್ದನ್ನು ಒಂದೇ ಚೀಲದಲ್ಲಿಡಿ. ಬೇರೆ ಜಾಗದ್ದನ್ನು ಅದರೊಳಗೆ ಬೆರೆಸಬೇಡಿ.